ಬಿಳಿ ಕಾರಿನ ನಾಲ್ಕು ಗಾಲಿ

"ಗೋಡೆಗೆ ಒರಗಬೇಡಿ. ಕುರ್ಚಿಗೆ ಕೈ ಒರೆಸಬೇಡಿ. ಏ ಹುಡುಗಿ, ನಿನಗೇ ಹೇಳ್ತಿರೋದು, ಡೀಸೆಲ್‌ನಲ್ಲೇ ಸ್ನಾನ ಮಾಡಿ ಬಂದ್ಯಾ?"

ಬ್ಯಾಂಕಿನ ಅಶ್ವತ್ಥ ಸಾರ್ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಕೇಳಿದ್ದು ದುರ್ಗಾಭವಾನಿಯನ್ನು. ಅವಳು ಎದ್ದು ನಿಂತಳು.

"ಹೌದ್ರೀ ಸರ. ನಮ್ಮ ಕಡೆ ನೀರಿನ ಟ್ಯಾಂಕರ್ ವಾರಕ್ಕ ಎರಡು ಸಲ ಬರತೈತಿ. ಡೀಸೆಲ್ ದಿನಾ ಸಿಗತೈತಿ."

ನಾವೆಲ್ಲ ನಕ್ಕೆವು. ಅಶ್ವತ್ಥ ಸಾರ್ ನಗಲಿಲ್ಲ.

ನಮ್ಮ ಅಪ್ಪ-ಅವ್ವ ಸಿಂಧನೂರು ಕಡೆಯಿಂದ ವಿಜಯವಾಡದ ಆಟೋನಗರಕ್ಕೆ ಬಂದವರು. ನಾವು ಹುಟ್ಟಿದ್ದು, ದುಡಿಯಲು ಕಲಿತದ್ದು ಎಲ್ಲ ರಾಮ್‌ಪ್ರಸಾದನ ಲಾರಿ ಶೆಡ್ಡಿನ ಹಿಂದಿನ ತಗಡಿನ ಮನೆಗಳಲ್ಲಿ. ಹುಡುಗರು ಗಾಡಿ ಬಿಚ್ಚುತ್ತಿದ್ದರು. ಹುಡುಗಿಯರಾದ ನಾವು ಬಿಚ್ಚಿದ ಸಾಮಾನನ್ನು ಡೀಸೆಲ್‌ನಲ್ಲಿ ತೊಳೆಯುತ್ತಿದ್ದೆವು. ನಾವು ನಟ್ಟು ಬಿಚ್ಚುವ ಪಾನಾ ಮುಟ್ಟಿದರೆ ಧಣಿ ತೆಲುಗಿನ ಬೈಗುಳಕ್ಕೆ ನಮ್ಮ ಅವ್ವಂದಿರನ್ನೆಲ್ಲ ಎಳೆದು ತರುತ್ತಿದ್ದ. ಶೆಡ್ಡಿಗಿದ್ದದ್ದು ಒಂದೇ ಕಕ್ಕಸು, ಅದರ ಕೀಲಿ ಅವನ ಜೇಬಿನಲ್ಲಿ. ಕೇಳಲು ಹೋದರೆ, "ಬೆಳಿಗ್ಗೆ ಹೋಗಿದ್ದೆಯಲ್ಲೇ, ಮತ್ತೆ ಎಂಥದು?" ಎಂದು ಗಿರಾಕಿಗಳ ಮುಂದೆಯೇ ಕೂಗುತ್ತಿದ್ದ.

ಬ್ಯಾಂಕು ಸ್ಥಳೀಯ ಯುವಜನರಿಗೆ ಮೂರು ದಿನದ ತರಬೇತಿ ಕೊಡುತ್ತದೆಂದು ಸುದ್ದಿಯಾಯಿತು. ಮೂವತ್ತು ಮಂದಿ ಬೇಕಿತ್ತು. ರಾಮ್‌ಪ್ರಸಾದನಿಗೆ ಬ್ಯಾಂಕಿನಲ್ಲಿ ಏನೋ ಕೆಲಸವಾಗಬೇಕಿತ್ತು. ನಮ್ಮನ್ನು ಎಣಿಸಿ ಪಕ್ಕದ ಬೀದಿಯ ಹಾಲ್‌ಗೆ ಅಟ್ಟಿದ.

ಮೊದಲ ದಿನವೇ ಒಂದು ಫಾರಂ ಕೊಟ್ಟರು. ಮೇಲೆ 'ಯುವಜನರ ಅಗತ್ಯ ಸಮೀಕ್ಷೆ' ಎಂದು ಬರೆದಿತ್ತು. ಮೆಹಂದಿ, ಹೂಗುಚ್ಛ ಕಟ್ಟುವುದು, ಕೈಕುಲುಕುವ ರೀತಿ, ನಗುವ ರೀತಿ. ಎಲ್ಲದರ ಮುಂದೆಯೂ ಮೊದಲೇ ಟಿಕ್ ಹಾಕಿಯಾಗಿತ್ತು. ನಮಗೆ ಬಿಟ್ಟಿದ್ದು ಸಹಿಯ ಜಾಗ.

"ಸರ, ಇದರಾಗ ನಮ್ದು ಏನೂ ಇಲ್ರೀ," ಎಂದಳು ದುರ್ಗಾ. "ನನಗ ಲಾರಿ ರಿಪೇರಿ ಕಲೀಬೇಕು. ಹೆವಿ ಲೈಸೆನ್ಸ್ ಮಾಡಿಸ್ಕೋಬೇಕು. ಆಮ್ಯಾಲೆ ಕಕ್ಕಸಿನ ಕೀಲಿ ನಮ್ಮ ಕೈಯಾಗ ಇರಬೇಕು."

"ಕಕ್ಕಸು ಯುವಜನ ಕಾರ್ಯಕ್ರಮದಲ್ಲಿ ಬರಲ್ಲಮ್ಮ."

"ಯುವಜನಕ್ಕ ಬರತೈತಲ್ರೀ ಸರ."

ಅಶ್ವತ್ಥ ಸಾರ್ ಮುಖ ಕೆಂಪಾಯಿತು. "ನಿಮಗೇನು ಬೇಕು ಅಂತ ವಿಶಾಖಪಟ್ಟಣದಲ್ಲಿ ದೊಡ್ಡವರು ಆರು ತಿಂಗಳು ಕೂತು ಯೋಚನೆ ಮಾಡಿದ್ದಾರೆ. ಏನೋ ನಮ್ಮ ಕನ್ನಡದವರು ಅಂತ ಕರೆದರೆ ತಲೆ ಮೇಲೆ ಕೂರ್ತೀರಲ್ಲ. ಸಹಿ ಮಾಡು."

ಮಾಡಿದೆವು. ನನ್ನ ಬೆರಳುಗಳೆಲ್ಲ ಡೀಸೆಲ್‌ಗೆ ಸೀಳಿದ್ದವು; ಮೆಹಂದಿ ಆ ಸೀಳುಗಳಿಗೆ ಇಳಿದು ಉರಿಯಿತು. "ಕೃಪಾಗೆ ಬಣ್ಣ ಚೆನ್ನಾಗಿ ಹತ್ತಿದೆ," ಎಂದು ಕಲಿಸುವವಳು ನನ್ನ ಕೈ ಎತ್ತಿ ಎಲ್ಲರಿಗೂ ತೋರಿಸಿದಳು. ನಮ್ಮ ಶೆಡ್ಡಿನ ಹುಡುಗ ಅಖಿಲನಿಗೆ ಜಾಕಿನ ಹಿಡಿಕೆ ಬಡಿದು ಮುಂದಿನ ಎರಡು ಹಲ್ಲು ಹೋಗಿದ್ದವು. ಅವನಿಗೆ ಬಾಯಿ ಮುಚ್ಚಿಕೊಂಡು ನಗಲು ಹೇಳಿದರು. ಎರಡನೆಯ ದಿನ ಸಂಜೆ ಮನೆಗೆ ನಡೆಯುತ್ತ ದುರ್ಗಾ ತನ್ನ ಯೋಚನೆ ಹೇಳಿದಳು. ಅಖಿಲ್ ಬೀದಿಯಲ್ಲೇ ಬಾಯಿ ತೆರೆದು ನಕ್ಕ.

ಮೂರನೆಯ ದಿನ ಬಾಲಚಂದ್ರ ಸಾಹೇಬರು ವಿಶಾಖಪಟ್ಟಣದಿಂದ ಬಿಳಿ ಕಾರಿನಲ್ಲಿ ಬಂದರು. ಕಾರ್ಯಕ್ರಮ ರೂಪಿಸಿದವರು ಅವರೇ; ಅವರೂ ಕನ್ನಡದವರು. ವಂದನೆ ಹೇಳಲು ಅಖಿಲ್ ನಿಂತ. ಸಾಹೇಬರಿಗೆ, ಅವರ ಮನೆಯವರಿಗೆ, ಮೈಕಿನವನಿಗೆ, ಫ್ಯಾನಿಗೆ, ಫ್ಯಾನಿಗೆ ಕರೆಂಟು ಕೊಟ್ಟವರಿಗೆ ವಂದಿಸುತ್ತ ಹೋದ. ಇಬ್ಬರು ಹುಡುಗರು ಕಾರಿನ ಡ್ರೈವರನನ್ನು ಟೀಗೆ ಕರೆದೊಯ್ದರು. ಹಿಂಬಾಗಿಲಿನಿಂದ ನಾವು ಐವರು ಹುಡುಗಿಯರು ಹೊರಬಿದ್ದು, ಶೆಡ್ಡಿನಿಂದ ತಂದಿಟ್ಟಿದ್ದ ಜಾಕು, ಪಾನಾ ಹಿಡಿದು ಕಾರಿನ ಬಳಿ ಹೋದೆವು.

ಪಾನಾ ಹಿಡಿದದ್ದು ಅದೇ ಮೊದಲು. ಆದರೆ ಹತ್ತು ವರ್ಷ ಕಣ್ಣಿನಿಂದ ಹಿಡಿದಿದ್ದೆವು. ಮೊದಲ ನಟ್ಟು ಅಲ್ಲಾಡಲಿಲ್ಲ. ದುರ್ಗಾ ಪಾನಾದ ಮೇಲೆ ಹತ್ತಿ ನಿಂತಳು. ಕಿರ್ರೆಂದು ಸಡಿಲವಾಯಿತು. ನನಗೆ ಕಣ್ಣಲ್ಲಿ ನೀರು ಬಂತು, ಯಾಕೆಂದು ಗೊತ್ತಾಗಲಿಲ್ಲ.

ಸಾಹೇಬರು ಹಾರ ಹಾಕಿಕೊಂಡು ಹೊರಗೆ ಬಂದಾಗ ಕಾರು ನಾಲ್ಕು ಮರದ ದಿಮ್ಮಿಗಳ ಮೇಲೆ ಕೂತಿತ್ತು. ಗಾಲಿಗಳು ಗೋಡೆಗೆ ಒರಗಿದ್ದವು. ದುರ್ಗಾ ಒಂದು ಕಾಗದ ಚಾಚಿದಳು. 'ಅಧಿಕಾರಿಗಳ ಅಗತ್ಯ ಸಮೀಕ್ಷೆ.' ಗಾಲಿ ಜೋಡಿಸುವುದು ಎಂಬುದರ ಮುಂದೆ ಟಿಕ್ ಬಿದ್ದಿತ್ತು.

"ಏನಿದು?"

"ತರಬೇತಿ ರೀ ಸರ. ನಿಮಗೇನು ಬೇಕಂತ ನಾವ ಕುಂತು ಯೋಚನಿ ಮಾಡೀವಿ."

"ನಾನು ಕೇಳಿದ್ನಾ ಇದನ್ನ?"

"ಇಲ್ರೀ. ಸಹಿ ಮಾಡ್ರಿ."

ಅಷ್ಟರಲ್ಲಿ ರಾಮ್‌ಪ್ರಸಾದ್ ಓಡಿ ಬಂದ. ಲಂಜೆಯರೇ ಎಂದ, ಕೈ ಮುರೀತೀನಿ ಎಂದ, ಪಾನಾ ಅಖಿಲನಿಗೆ ಕೊಡೇ ಎಂದ. ಅಖಿಲ್ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

"ನಂಗ ಕೈ ನೋವು ಧಣಿ."

ಉಳಿದ ಹುಡುಗರಿಗೂ ಆಗಲೇ ಕೈ ನೋವು ಬಂತು. ಸುತ್ತಲಿನ ಶೆಡ್ಡುಗಳ ಕೆಲಸದವರು ಬಂದು ನೆರೆದರು. ಕೊನೆಗೆ ಅಶ್ವತ್ಥ ಸಾರ್ ಟೈ ಬಿಚ್ಚಿ ಮಣ್ಣಿಗೆ ಮಂಡಿಯೂರಿದರು.

"ಪಕ್ಕದ್ದಲ್ಲ ಸರ, ಎದುರಿನ ನಟ್ಟು ಬಿಗೀರಿ. ಇಲ್ಲಾಂದ್ರ ಗಾಲಿ ಸೊಟ್ಟ ಕುಂದರತೈತಿ," ಎಂದು ದುರ್ಗಾ ಬಗ್ಗಿ ತೋರಿಸಿದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಮೂರು ಗಾಲಿ ಕೂತವು. ಸಾಹೇಬರ ದನಿ ಮೆತ್ತಗಾಗಿತ್ತು. "ಸರಿ ಕಣಮ್ಮ. ನಿಮಗೆ ಏನು ಬೇಕು, ಹೇಳು."

ಅವಳು ಹೇಳಿದಳು. ಪಾನಾ, ಲೈಸೆನ್ಸು, ಕೀಲಿ.

"ಪರಿಶೀಲಿಸ್ತೀವಿ."

"ಪರಿಶೀಲಿಸ್ರಿ ಸರ. ನಮಗೇನು ಅವಸರಿಲ್ಲ."

ದುರ್ಗಾ ನಾಲ್ಕನೆಯ ಗಾಲಿಯನ್ನು ಹಾಲ್‌ನ ಗೇಟಿನ ತನಕ ಉರುಳಿಸಿಕೊಂಡು ಹೋಗಿ, ನಡುವೆ ಕೆಡವಿ, ಅದರ ಮೇಲೆ ಕೂತಳು. ಸೊಂಟಕ್ಕೆ ಕಟ್ಟಿದ್ದ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಹಸಿಮೆಣಸಿನಕಾಯಿ ಚಟ್ನಿ. ರೊಟ್ಟಿಯನ್ನು ಎರಡು ಮಾಡಿ, ಒಂದನ್ನು ಸಾಹೇಬರ ಕಡೆ ಚಾಚಿ, ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಬರ್ರಿ, ಕುಂದರ್ರಿ. ಪರಿಶೀಲಿಸಾಕ ಹೊತ್ತು ಹಿಡಿತೈತಿ."