ಎಲ್ಲರಿಗೂ ಒಂದೇ ಅಳತೆಯ ಅಂಗಿ

2023ರ ಜೂನ್ 14, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಅಂಚೆಯಣ್ಣ ಹೊಸ ಅಂಗಿ ತೊಟ್ಟು ಹೊಲಿಗೆ ಅಂಗಡಿಯ ಕನ್ನಡಿ ಮುಂದೆ ನಿಂತರು. ತೋಳು ಬೆರಳ ತುದಿ ದಾಟಿತ್ತು. ಹೊಟ್ಟೆಯ ಬಳಿ ಇನ್ನೊಬ್ಬ ಅಂಚೆಯಣ್ಣ ಹಿಡಿಸುವಷ್ಟು ಜಾಗವಿತ್ತು.

"ಹೇಗಿದೆ ಅಣ್ಣಾ?" ಟೈಲರಕ್ಕ ಕೇಳಿದಳು.

"ಗಾಳಿ ಚೆನ್ನಾಗಿ ಆಡುತ್ತಮ್ಮಾ."

ಗುಂಡಿ ಹಾಕಿಸಲು ಬಂದಿದ್ದ ಆಪ್ತಸಮಾಲೋಚಕಿಗೆ ನಗು ತಡೆಯಲಾಗಲಿಲ್ಲ. ಆರೋಗ್ಯ ಕೇಂದ್ರದ ಪುಟ್ಟ ಕೋಣೆಯಲ್ಲಿ ಕುಳಿತು, ದುಃಖದಲ್ಲಿರುವವರ ಮಾತು ಕೇಳುವುದು ಅವಳ ಕೆಲಸ.

"ಅಕ್ಕಾ, ಇದು ಯಾರ ಅಳತೆ?"

ಅಕ್ಕ ಅಳತೆ ಪುಸ್ತಕ ತೆರೆದಳು. ಅಂಚೆಯಣ್ಣನ ಎದೆ 34 ಇಂಚು ಎಂದು ಅವಳೇ ಬರೆದಿದ್ದಳು. ಅಂಗಿಗೆ ಟೇಪು ಹಿಡಿದಳು. ಕತ್ತರಿಸಿದ್ದು 42ಕ್ಕೆ.

"ಇದು... ನಮ್ಮನೆಯವರದ್ದು."

ಹತ್ತೊಂಬತ್ತು ವರ್ಷ ಗಂಡ ಬಟ್ಟೆ ಕತ್ತರಿಸಿದ್ದ, ಅವಳು ಹೊಲಿದಿದ್ದಳು. ಅವನು ತೀರಿಕೊಂಡು ಎಂಟು ತಿಂಗಳು. ಈಗ ಕತ್ತರಿ ಹಿಡಿದರೆ ಕೈ ತಾನಾಗಿ ಅವನ ಅಳತೆಗೇ ಓಡುತ್ತಿತ್ತು. ಹಾಲಿನವನು, ಗಾರೆಯವನು, ಕ್ಷೌರದವನು, ಈಗ ಅಂಚೆಯಣ್ಣ, ಹೀಗೆ ಬೀದಿಯ ಹನ್ನೊಂದು ಗಂಡಸರು ಅದೇ ಅಳತೆಯಲ್ಲಿ ಓಡಾಡುತ್ತಿದ್ದರು. ಯಾರೂ ತುಟಿ ಬಿಚ್ಚಿರಲಿಲ್ಲ. ಎರಡನೇ ಅಂಗಿಗೆ ಬಟ್ಟೆಯನ್ನೂ ತಂದಿರಲಿಲ್ಲ. ಆಗಸ್ಟ್ ಕೊನೆಗೆ ಅಂಗಡಿ ಮುಚ್ಚುವುದೆಂದು ಅಕ್ಕ ತೀರ್ಮಾನಿಸಿದ್ದಳು.

"ಬೇರೆ ಅಳತೆಗೆ ಕತ್ತರಿಸಿದ್ರೆ, ಅವರು ನನ್ನ ಕೈಯಿಂದಾನೂ ಹೋಗಿಬಿಡ್ತಾರೆ ಅನ್ಸುತ್ತೆ," ಅಂದಳು.

"ನನ್ನ ಹತ್ರ ಬನ್ನಿ ಅಕ್ಕಾ. ಕೂತು ಮಾತಾಡೋಣ," ಎಂದಳು ಸಮಾಲೋಚಕಿ.

ಒಳಗಿನಿಂದ ಅತ್ತೆ ಬಂದರು. "ಅದೆಲ್ಲ ತಲೆ ಕೆಟ್ಟವರಿಗೆ! ನನ್ನ ಸೊಸೆಗೇನಾಗಿದೆ? ಒಂದು ದಿನ ಅತ್ತವಳಲ್ಲ."

"ಅಳದವರಿಗೂ ನೋವಿರುತ್ತೆ ಅಜ್ಜಿ. ದುಃಖ ಕಾಯಿಲೆ ಅಲ್ಲ. ಆದ್ರೆ ಒಬ್ಬರೇ ಹೊತ್ರೆ ಭಾರ."

"ಮಾತಾಡಿದ್ರೆ ನನ್ನ ಮಗ ಎದ್ದು ಬರ್ತಾನಾ?"

"ಬರಲ್ಲ. ಅವರನ್ನ ಮರೆಸೋದು ನನ್ನ ಕೆಲಸಾನೂ ಅಲ್ಲ. ನೆನಪು ಇಟ್ಕೊಂಡೇ ಊಟ, ನಿದ್ದೆ, ಕೆಲಸ ಹೇಗೆ ಸಾಗಿಸೋದು ಅಂತ ಜೊತೇಲಿ ದಾರಿ ಹುಡುಕ್ತೀವಿ. ಎಂಟು ತಿಂಗಳಲ್ಲಿ ಮನೇಲಿ ಅವರ ಹೆಸರು ಎತ್ತಿದ್ದೀರಾ?"

ಅತ್ತೆ ನೆಲ ನೋಡಿದರು. "ಇವಳಿಗೆ ನೋವಾಗುತ್ತೆ ಅಂತ ನಾನು ಎತ್ತಲ್ಲ."

"ಅತ್ತೆಗೆ ನೋವಾಗುತ್ತೆ ಅಂತ ನಾನೂ..." ಅಂದಳು ಅಕ್ಕ.

"ಚೆನ್ನಾಯ್ತು!" ಎಂದರು ಅಂಚೆಯಣ್ಣ. "ನಿಮ್ಮಿಬ್ಬರಿಗೂ ನೋವಾಗುತ್ತೆ ಅಂತ ನಾವು ಹನ್ನೊಂದು ಜನ ತೋಳು ಮಡಚ್ಕೊಂಡು ತಿರುಗ್ತಿದ್ದೀವಿ!"

ಅತ್ತೆಗೆ ನಗು ಉಕ್ಕಿತು. "ನನ್ನ ಮಗ ಇದ್ದಿದ್ರೆ, 'ಬಿಚ್ಚೋ, ನನ್ನ ಅಂಗಡಿ ಮಾನ ಕಳೀಬೇಡ' ಅಂತ ನಿನ್ನ ಬೀದಿ ತುಂಬಾ ಅಟ್ಟಿಸ್ಕೊಂಡು ಬರ್ತಿದ್ದ!" ಅಕ್ಕ ನಕ್ಕಳು, ನಗುತ್ತಲೇ ಅತ್ತಳು. ಅತ್ತೆ ಅವಳ ಭುಜ ಹಿಡಿದುಕೊಂಡರು.

ಮರುವಾರ ಅಕ್ಕ ಸಮಾಲೋಚಕಿಯ ಬಳಿ ಹೋದಳು. "ನಾನು ಸುಮ್ನೆ ಹೊರಗೆ ಕೂತಿರ್ತೀನಿ," ಎಂದು ಅತ್ತೆ ಜೊತೆಗೆ ಹೊರಟರು. ಎರಡನೇ ವಾರ ಒಳಗೆ ಕುಳಿತರು. ಮೂರನೇ ವಾರ ಸೊಸೆಗೆ ಮಾತಾಡಲು ಸಿಕ್ಕಿದ್ದು ಹತ್ತೇ ನಿಮಿಷ! ಕೊನೆಗೆ ಸಮಾಲೋಚಕಿ ಇಬ್ಬರಿಗೂ ಬೇರೆ ಬೇರೆ ಸಮಯ ಕೊಟ್ಟಳು.

ಆರನೇ ವಾರ ಅಕ್ಕ ಒಳ್ಳೆಯ ಬಟ್ಟೆ ಆರಿಸಿ, ಗಂಡನ ಅಳತೆಗೆ ಬೇಕೆಂದೇ ಒಂದು ಅಂಗಿ ಹೊಲಿದು ಮನೆಯಲ್ಲಿಟ್ಟುಕೊಂಡಳು. ಆಮೇಲೆ ಪುಸ್ತಕ ತೆರೆದು, ಅಂಚೆಯಣ್ಣನಿಗೆ ಅಂಚೆಯಣ್ಣನ ಅಳತೆಗೇ ಕತ್ತರಿಸಿದಳು. ಗೆರೆ ತಪ್ಪಲಿಲ್ಲ. ಮರುದಿನ ಇಡೀ ಬೀದಿ ಅಂಗಿ ಚಿಕ್ಕದು ಮಾಡಿಸಲು ಸಾಲು ನಿಂತಿತು. ಜೊತೆಗೆ ಹೊಸ ಬಟ್ಟೆಯೂ ಬಂತು. ಅಂಗಡಿ ಮುಚ್ಚುವ ಮಾತು ಮತ್ತೆ ಬರಲಿಲ್ಲ.

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರೂ ಎತ್ತದ ಹೆಸರೊಂದಿದ್ದರೆ ಇವತ್ತು ಎತ್ತಿ. ದುಃಖಕ್ಕೆ ಗಡುವಿಲ್ಲ. ಆದರೆ ತಿಂಗಳುಗಳು ಕಳೆದರೂ ಊಟ, ನಿದ್ದೆ, ಕೆಲಸ ದಾರಿಗೆ ಬರದಿದ್ದರೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಬದುಕೇ ಬೇಡ ಎನ್ನಿಸಿದರೆ ಒಂದು ದಿನವೂ ಕಾಯಬೇಡಿ; ಹತ್ತಿರದವರಿಗೆ ಹೇಳಿ, ಆಗಲೇ ಹೋಗಿ. ಕೆಲಸ ಕಳೆದುಕೊಂಡವರು, ನಿವೃತ್ತರಾದವರು, ಮನೆ ಬದಲಿಸಿದವರು, ಹೀಗೆ ಬದುಕು ಬದಲಾಗಿ ಮನಸ್ಸು ಭಾರವಾದವರು ಕೂಡ ಹೋಗಬಹುದು. ಬಹಳ ದೂರ ಎಂದುಕೊಳ್ಳಬೇಡಿ. ಹೊಲಿಗೆ ಅಂಗಡಿಯ ಬಾಗಿಲಿನಿಂದ ಸಮಾಲೋಚಕಿಯ ಕೋಣೆಯ ಬಾಗಿಲಿಗೆ ನಾವು ಅಳೆದು ನೋಡಿದೆವು: 260 ಮೀಟರ್.