ಲಕೋಟೆ ಜೊತೆ ಹೋದ ಕುನಾಫಾ ತಟ್ಟೆ

ನಮ್ಮ ಕರಕ್ ಊರಿಗೆ ನಲ್ಲಿ ನೀರು ಬರೋದು ವಾರಕ್ಕೊಂದು ದಿನ. ಹಾಗಾಗಿ ಮಾಳಿಗೆ ಮೇಲೆ ಟ್ಯಾಂಕು ಇಲ್ಲದ ಮನೆಯೇ ಇಲ್ಲ. ದೈಫಲ್ಲಾ ಮಾಡಿದ ತಗಡಿನ ಟ್ಯಾಂಕು ಸೋರಿತು ಅಂತ ಇಪ್ಪತ್ತು ವರ್ಷದಲ್ಲಿ ಒಬ್ಬರೂ ದೂರಿದ್ದಿಲ್ಲ. ಆದರೆ ಅಗ್ಗದ ಪ್ಲಾಸ್ಟಿಕ್ ಟ್ಯಾಂಕು ಬಂದ ಮೇಲೆ ಅವನ ಶೆಡ್ಡಿನಲ್ಲಿ ಕೆಲಸವೇ ಇಲ್ಲದಂತಾಯಿತು. "ಈದ್ ಕಳೆದ ಮೇಲೆ ಬೇರೆ ಕೆಲಸ ನೋಡ್ಕೊಳ್ಳಿ" ಅಂತ ನಾಲ್ವರು ವೆಲ್ಡರುಗಳಿಗೆ ಹೇಳಿ ಬಂದ ದಿನ ಅವನು ರೊಟ್ಟಿ ಮುಟ್ಟಲಿಲ್ಲ.

ಹೆಂಡತಿ ಫಿದ್ದಾ ಚಹಾ ಬಗ್ಗಿಸಿ ಎದುರಿಗೆ ಕೂತಳು.

"ಶಾಲೆಗಳಿಗೆ ಟ್ಯಾಂಕು ಹಾಕೋ ಟೆಂಡರು ಮತ್ತೆ ಕರೆದಿದಾರಂತೆ. ಅದೇ, ಹೊರದೇಶದ ಬ್ಯಾಂಕಿನ ಯೋಜನೆ."

"ಅದರ ಸುದ್ದಿ ಎತ್ತಬೇಡ. ಅದೆಲ್ಲ ದೊಡ್ಡ ಕಂಪನಿಯವರಿಗೆ. ಹೋದ ವರ್ಷ ನನ್ನನ್ನ ಕೈಬಿಟ್ಟಿದ್ದು ನೋಡಿದೆಯಲ್ಲ."

"ಯಾಕೆ ಕೈಬಿಟ್ರು ಅಂತ ಬರೆದು ಕಳಿಸಿದ್ರು. ಆ ಇಂಗ್ಲಿಷ್ ಪತ್ರ ಇವತ್ತಿಗೂ ಕನ್ನಡಿ ಹಿಂದೆ ಇದೆ. ಯಾರ ಹತ್ರಾನಾದ್ರೂ ಓದಿಸಿದ್ರಾ?"

"ಸೋತಿದ್ದನ್ನ ಊರಿಗೆಲ್ಲ ಓದಿಸಿ ಕೇಳಿಸ್ಲಾ?"

ಮಾರನೇ ದಿನ ಬೆಳಿಗ್ಗೆ ಫಿದ್ದಾ ಪತ್ರ ಚೀಲಕ್ಕೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು. "ಟೆಂಡರು ಹಾಕೋರಿಗೆ ಸರ್ಕಾರದವರು ಸಹಾಯ ಕೇಂದ್ರ ತೆರೆದಿದಾರೆ. ನೀವು ಬರದಿದ್ರೆ ನಾನೊಬ್ಬಳೇ ಹೋಗ್ತೀನಿ. ಟ್ಯಾಂಕಿನ ಯಜಮಾನ ಈಗ ಫಿದ್ದಾನೇ ಅಂತ ಜನ ಅಂದ್ಕೋತಾರೆ, ಅಷ್ಟೆ."

ದೈಫಲ್ಲಾ ಚಪ್ಪಲಿ ಹುಡುಕಿದ.

ಕೇಂದ್ರದಲ್ಲಿದ್ದ ಅಧಿಕಾರಿ ಅರೀಜ್ ಇನ್ನೂ ಚಿಕ್ಕ ವಯಸ್ಸಿನವಳು. ಪತ್ರ ಓದುತ್ತಾ ಓದುತ್ತಾ ತುಟಿ ಬಿಗಿಹಿಡಿದಳು.

"ದೈಫಲ್ಲಾ ಅವರೇ, ಟೆಂಡರಿನ ಲಕೋಟೆ ಜೊತೆ ಏನು ಕೊಟ್ಟಿದ್ರಿ?"

"ಏನೂ ಇಲ್ಲ ಮಗಳೇ. ಬರೀ ಒಂದು ತಟ್ಟೆ ಕುನಾಫಾ ಸಿಹಿ. ಬಿಸಿದು, ಪಾಕ ಸುರಿಸಿದ್ದು."

"ಅದಕ್ಕೇ ಕೈಬಿಟ್ಟಿದಾರೆ. ಟ್ಯಾಂಕು ಚೆನ್ನಾಗಿದೆ, ದರಾನೂ ಸರಿ ಅಂತಾನೇ ಬರೆದಿದಾರೆ. ಆದ್ರೆ ಆಯ್ಕೆ ಮಾಡೋರಿಗೆ ಉಡುಗೊರೆ ಕೊಟ್ರೆ ಈ ಯೋಜನೆಗಳಲ್ಲಿ ಅದು ಲಂಚ."

"ಕುನಾಫಾ ಲಂಚಾನಾ? ಬರಿಗೈಲಿ ಒಬ್ಬರ ಬಾಗಿಲಿಗೆ ಹೋಗೋದು ಹ್ಯಾಗೆ? ನಮ್ಮಪ್ಪ ಕೇಳಿದ್ರೆ ಗೋರಿಯಿಂದ ಎದ್ದು ಬಂದಾನು."

"ನೀವು ಒಂದು ತಟ್ಟೆ ಕೊಟ್ರಿ. ದೊಡ್ಡ ಕಂಪನಿಯವನು ಒಂದು ಕಾರೇ ಕಳಿಸಿದ್ರೆ? ಆಗ ನಿಮ್ಮ ತಟ್ಟೆ ಯಾರ ಕಣ್ಣಿಗೆ ಬೀಳುತ್ತೆ? ಆ ನಿಯಮ ಇರೋದು ನಿಮ್ಮಂಥವರನ್ನ ಕಾಯೋಕೇ."

ದೈಫಲ್ಲಾ ಮೀಸೆ ತಿರುವುತ್ತಾ ಅನುಮಾನದಿಂದ ಕೇಳಿದ, "ಇಷ್ಟೆಲ್ಲ ಹೇಳಿದ್ದಕ್ಕೆ ನಿನಗೇನು ಕೊಡ್ಬೇಕು?"

"ಏನೂ ಇಲ್ಲ. ಸರ್ಕಾರ ಸಂಬಳ ಕೊಡುತ್ತೆ. ಕುನಾಫಾನೂ ಬೇಡ."

ಅರೀಜ್ ಹೊಸ ಟೆಂಡರಿನ ಇಂಗ್ಲಿಷ್ ಕಾಗದವನ್ನೆಲ್ಲ ಅರಬ್ಬಿಯಲ್ಲಿ ಬಿಡಿಸಿ ಹೇಳಿದಳು. ಗೊತ್ತಾಗದ ಒಂದು ಮಾತನ್ನು ಯೋಜನೆಯವರಿಗೇ ಬರೆದು ಕೇಳಿ ತಿಳಿದುಕೊಂಡಳು. "ಹನ್ನೆರಡು ಶಾಲೆಗೂ ಹಾಕ್ಲೇಬೇಕು ಅಂತಿಲ್ಲ. ಐದು, ನಾಲ್ಕು, ಮೂರು ಅಂತ ಭಾಗ ಮಾಡಿದಾರೆ. ನಿಮ್ಮ ನಾಲ್ಕು ಜನರ ಕೈಲಿ ಆಗೋದಕ್ಕೆ ಮಾತ್ರ ಹಾಕಿ."

"ಐದು ಆಗುತ್ತೆ" ಅಂದಳು ಫಿದ್ದಾ. ಶೆಡ್ಡಿನ ಲೆಕ್ಕ ಅವಳಿಗೂ ಗೊತ್ತಿತ್ತು.

ಲಕೋಟೆ ಕೊಡುವ ದಿನ ದೈಫಲ್ಲಾ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟ. ಬಲಗೈಯಲ್ಲಿ ಲಕೋಟೆ. ಎಡಗೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ.

"ಇದು ಬಾಗಿಲು ಕಾಯೋನಿಗೆ ಕಣೇ. ಅವನೇನು ಆಯ್ಕೆ ಮಾಡ್ತಾನಾ?"

ಫಿದ್ದಾ ತಟ್ಟೆ ಇಸಿದುಕೊಂಡಳು.

"ಬರಿಗೈಲಿ ಹೋಗೋಕೆ ನಾಚಿಕೆ ಆಗುತ್ತೆ."

"ಬರಿಗೈ ಎಲ್ಲಿ? ಲಕೋಟೆ ಇದೆಯಲ್ಲ."

ಆ ತಟ್ಟೆ ನಾಲ್ವರು ವೆಲ್ಡರುಗಳ ಪಾಲಾಯಿತು. ಯಾಕೆ ಅಂತ ಅವರೂ ಕೇಳಲಿಲ್ಲ.

ಲಕೋಟೆಗಳನ್ನು ಎಲ್ಲರ ಎದುರಿಗೇ ಒಡೆದರು. ತಿಂಗಳಾದ ಮೇಲೆ ಮತ್ತೊಂದು ಇಂಗ್ಲಿಷ್ ಪತ್ರ ಬಂತು. ಈ ಸಲ ಅದು ಕನ್ನಡಿ ಹಿಂದಕ್ಕೆ ಹೋಗಲಿಲ್ಲ, ನೇರ ಅರೀಜ್ ಹತ್ತಿರ ಹೋಯಿತು. ಐದು ಶಾಲೆ ದೈಫಲ್ಲಾನಿಗೇ. ಅವನು ಓಡೋಡಿ ಶೆಡ್ಡಿಗೆ ಬಂದು, "ಈದ್ ಆದ ಮೇಲೆ ಯಾರೂ ಎಲ್ಲಿಗೂ ಹೋಗಬೇಡಿ" ಅಂದ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆ ಕನ್ನಡಿ ಹಿಂದೆಯೂ ಓದಿಸದ ಪತ್ರ ಇದ್ದರೆ ಇವತ್ತೇ ತೆಗೆಯಿರಿ. ಗೊತ್ತಿಲ್ಲ ಅನ್ನೋಕೆ ನಾಚಬೇಡಿ. ಸಹಾಯ ಕೇಂದ್ರಕ್ಕೆ ಹೋಗಿ ಕೇಳಿ. ಕೆಲಸದ ಗುಣ ಲಕೋಟೆಯಲ್ಲಿ ಹೋಗಲಿ. ಕುನಾಫಾ ಮನೆಯಲ್ಲೇ ಇರಲಿ, ಗೆದ್ದು ಬಂದ ಮೇಲೆ ಎಲ್ಲರೂ ಕೂತು ತಿನ್ನೋಣ.