ಬಾಗಿಲಿಗೆ ಅಂಟಿಸಿದ ಸಮನ್ಸು

ಕೋರ್ಟಿನ ಅಮೀನರು ಬಂದಾಗ ಟೇಲರಕ್ಕ ಮನೆಯಲ್ಲೇ ಇದ್ದಳು. ಇದ್ದೂ ಇಲ್ಲ ಅನ್ನಿಸಿಕೊಂಡಳು.

ಕೆಳಗೆ ಹೊಲಿಗೆ ಅಂಗಡಿ, ಮೇಲೆ ಮನೆ. ಅಮೀನರು ಕೈಯಲ್ಲಿ ಕಾಗದ ಹಿಡಿದು ರಸ್ತೆ ದಾಟೋದನ್ನು ಅವಳು ಕಿಟಕಿಯಿಂದ ನೋಡಿ, "ನಾನಿಲ್ಲ ಅಂತ ಹೇಳಿಬಿಡಿ" ಅಂತ ಗಂಡನಿಗೆ ಸನ್ನೆ ಮಾಡಿದಳು. ಗಂಡ ವ್ಯಾನ್ ಓಡಿಸುವವನು. ರಸ್ತೆಯಲ್ಲಿ ಲಾರಿಯವರಿಗೂ ಹೆದರದವನಿಗೆ ಸರ್ಕಾರದ ಮುದ್ರೆ ಕಂಡರೆ ಮಾತ್ರ ಬಾಯಿ ಒಣಗುತ್ತಿತ್ತು.

"ಅವಳಿಲ್ಲ, ಊರಿಗೆ ಹೋಗಿದಾಳೆ" ಅಂದ ಬಾಗಿಲು ಅರ್ಧ ತೆಗೆದು.

"ಮನೆಯವರು ನೀವೇ ಸಹಿ ಹಾಕಿ ತಗೊಳ್ಳಿ."

"ನನಗೂ ಅದಕ್ಕೂ ಸಂಬಂಧ ಇಲ್ಲ ಸಾರ್."

ಅಮೀನರು ಜಗಳ ಆಡಲಿಲ್ಲ. ಮತ್ತೆ ಎರಡು ಸಲ ಬಂದರು. ಮೂರನೇ ಸಲ ಚೀಲದಿಂದ ಗೋಂದಿನ ಡಬ್ಬಿ ತೆಗೆದು ಕಾಗದವನ್ನು ಅಂಗಡಿ ಬಾಗಿಲಿಗೇ ಅಂಟಿಸಿದರು. ಪಕ್ಕದ ಕ್ಷೌರದಂಗಡಿಯವನನ್ನು ಕರೆದು ಸಾಕ್ಷಿ ಸಹಿ ಹಾಕಿಸಿಕೊಂಡು ಹೋದರು. ಟೇಲರಕ್ಕ ಒದ್ದೆ ಬಟ್ಟೆ ತಂದು ಅದನ್ನು ಬಿಡಿಸುವ ಹೊತ್ತಿಗೆ ಅರ್ಧ ಬೀದಿ ಓದಿ ಮುಗಿಸಿತ್ತು.

ದಾವೆ ಹಾಕಿದವನು ಬೇರೆ ಯಾರೂ ಅಲ್ಲ, ಗಜಣ್ಣ. ಬಟ್ಟೆ ವ್ಯಾಪಾರಿ. ಎಲ್ಲರೂ ಮೀಟರಿನಲ್ಲಿ ಅಳೆದರೆ ಆತ ಈಗಲೂ ಗಜದ ಲೆಕ್ಕ ಹೇಳುತ್ತಿದ್ದರಿಂದ ಆ ಹೆಸರು ಬಿದ್ದಿತ್ತು. ಹದಿನೆಂಟು ವರ್ಷದಿಂದ ಟೇಲರಕ್ಕನಿಗೆ ಸಾಲದ ಮೇಲೆ ಬಟ್ಟೆ ಕೊಟ್ಟವನು. ಆಸ್ಪತ್ರೆಯೊಂದರ ನರ್ಸುಗಳ ಕೋಟಿಗೆ ಬಿಳಿ ಬಟ್ಟೆ, ಕಾಲರಿಗೆ, ತೋಳಿಗೆ ನೀಲಿ ಬಟ್ಟೆ ಅವನೇ ಕೊಟ್ಟಿದ್ದ. ಮೊದಲ ಒಗೆತಕ್ಕೇ ನೀಲಿ ಬಣ್ಣ ಬಿಟ್ಟು, ಬಿಳಿ ಕೋಟೆಲ್ಲ ಹಾಳಾಯಿತು. ಆಸ್ಪತ್ರೆಯವರು ಆರುನೂರ ನಲವತ್ತು ಕೋಟು ವಾಪಸ್ ಕಳಿಸಿದರು. ಆರು ಜನ ಹೆಂಗಸರು ತಿಂಗಳಿಡೀ ಕೂತು ಹೊಲಿದದ್ದು ನೀರುಪಾಲಾಯಿತು. ಟೇಲರಕ್ಕ ಸಿಟ್ಟಿನಲ್ಲಿ ಗಜಣ್ಣನಿಗೆ ಬಿಡಿಗಾಸನ್ನೂ ಕೊಡಲಿಲ್ಲ. ಈಗ ಅವನು ಕೇಳುತ್ತಿದ್ದದ್ದು ಮೂರು ಲಕ್ಷ ಇಪ್ಪತ್ತು ಸಾವಿರ, ಮೇಲೆ ಬಡ್ಡಿ.

ಆ ವಾರ ಅವಳು ಅಂಗಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದಳು. ಮೆಷಿನ್ ಮುಂದೆ ಕೂತರೆ ದಾರ ತುಂಡಾಗುತ್ತಿತ್ತು. ಎದ್ದು ಬಾಗಿಲು ನೋಡುವಳು, ಮತ್ತೆ ಕೂರುವಳು. ತೋಳನ್ನು ತಲೆಕೆಳಗಾಗಿ ಜೋಡಿಸಿ, ಬಿಚ್ಚಿ, ಮತ್ತೆ ಹಾಗೇ ಜೋಡಿಸಿದಳು. ಕೆಲಸದ ಹೆಂಗಸರು ಮುಖ ಮುಖ ನೋಡಿಕೊಂಡರು.

"ಕಾಗದ ನಾವು ಕೈಯಲ್ಲಿ ಮುಟ್ಟೇ ಇಲ್ಲ. ಮುಟ್ಟದೇ ಇದ್ರೆ ಕೇಸೇ ಇಲ್ಲ" ಅಂತ ಗಂಡ ಸಮಾಧಾನ ಹೇಳಿದ. ಹೇಳುತ್ತಲೇ ಅಂಗಡಿ ಬಾಗಿಲು ಸರಿಯಾಗಿ ಹಾಕಿದೆಯೋ ಇಲ್ಲವೋ ಅಂತ ಮೂರು ಸಲ ನೋಡಿ ಬಂದ.

ಭಾನುವಾರ ನಾದಿನಿ ಬಂದಳು. ಗಂಡನ ತಂಗಿ, ವಕೀಲರೊಬ್ಬರ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಟೈಪಿಂಗ್ ಮಾಡುವವಳು. ಕಾಗದ ಟೈಪ್ ಮಾಡಿ ಮಾಡಿ ಅವಳ ಮಾತೂ ಚುಟುಕಾಗಿತ್ತು.

"ಅತ್ತಿಗೆ, ಸಮನ್ಸು ಎಲ್ಲಿ?"

ಟೇಲರಕ್ಕ ಗುಂಡಿ ಡಬ್ಬಿಯ ಅಡಿಯಿಂದ ಅದನ್ನು ತೆಗೆದುಕೊಟ್ಟಳು. ಗೋಂದು ಮೆತ್ತಿ ಮೂಲೆ ಹರಿದಿತ್ತು. ನಾದಿನಿ ಓದಿದಳು, ಗೋಡೆಯ ಕ್ಯಾಲೆಂಡರ್ ನೋಡಿದಳು.

"ಇನ್ನು ಒಂಬತ್ತು ದಿನ ಇದೆ. ಏನು ಮಾಡ್ತೀರಿ?"

"ಏನೂ ಮಾಡಲ್ಲ" ಅಂದ ಅವಳ ಅಣ್ಣ. "ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ. ಹಿರಿಯರು ಸುಮ್ಮನೆ ಹೇಳಿದ್ರಾ?"

"ಹೋಗದೇ ಮನೇಲಿ ಕೂತವನ ಗತಿ ಏನು ಅಂತ ಹಿರಿಯರು ಹೇಳಿಲ್ಲ. ನಾನು ಹೇಳ್ತೀನಿ ಕೇಳು. ಬಾಗಿಲಿಗೆ ಅಂಟಿಸಿದ್ರೂ ಕಾಗದ ಮುಟ್ಟಿದ ಲೆಕ್ಕವೇ. ಅತ್ತಿಗೆ ಹೋಗದಿದ್ರೆ ಜಡ್ಜ್ ಗಜಣ್ಣ ಹೇಳಿದ್ದನ್ನು ಮಾತ್ರ ಕೇಳಿ ತೀರ್ಪು ಕೊಡಬಹುದು. ಅದಕ್ಕೆ ಏಕಪಕ್ಷೀಯ ತೀರ್ಪು ಅಂತಾರೆ. ನೀಲಿ ಬಣ್ಣ ಬಿಟ್ಟ ವಿಷಯ ಆ ತೀರ್ಪಿನಲ್ಲಿ ಒಂದು ಸಾಲೂ ಇರಲ್ಲ. ಆಮೇಲೆ ವಸೂಲಿಗೆ ಜಪ್ತಿ ಬರುತ್ತೆ. ವ್ಯಾನು ಯಾರ ಹೆಸರಲ್ಲಿದೆ ಅಣ್ಣ?"

ಅಣ್ಣ ಹೊರಗೆ ನಿಂತಿದ್ದ ವ್ಯಾನಿನ ಕಡೆ ನೋಡಿದ. "ನಿನ್ನ ಅತ್ತಿಗೆ ಹೆಸರಲ್ಲಿ."

ಟೇಲರಕ್ಕನಿಗೆ ಕಣ್ಣು ತುಂಬಿತು. "ನನ್ನ ಕೈಗೆ ಬೇಡಿ ಹಾಕ್ತಾರಾ?"

"ಇದು ಸಿವಿಲ್ ದಾವೆ ಅತ್ತಿಗೆ, ಪೊಲೀಸ್ ಕೇಸಲ್ಲ. ದುಡ್ಡಿನ ವ್ಯಾಜ್ಯ. ನೀವು ಕಳ್ಳತನ ಮಾಡಿಲ್ಲ. ಆದ್ರೆ ಬಚ್ಚಿಟ್ಟುಕೊಂಡವರನ್ನು ಜನ ಕಳ್ಳರು ಅಂತಲೇ ತಿಳ್ಕೋತಾರೆ."

"ವಕೀಲರಿಗೆ ಕೊಡೋಕೆ ನನ್ನ ಹತ್ರ ಏನಿದೆ?"

"ನಮ್ಮ ಆಫೀಸಿನ ವಕೀಲರ ಹತ್ರ ಬನ್ನಿ ಅಂತ ನಾನು ಹೇಳ್ತಿಲ್ಲ. ಕೋರ್ಟಿನಲ್ಲೇ ಉಚಿತ ಕಾನೂನು ನೆರವಿನ ಕಚೇರಿ ಇದೆ. ಅಲ್ಲಿ ಕೇಳೋಣ. ಅದಕ್ಕೂ ಮೊದಲು ಒಂದು ಕೆಲಸ. ಈ ವ್ಯವಹಾರದ ಒಂದೊಂದು ಚೂರು ಕಾಗದವೂ ಇಲ್ಲಿ ಬರಲಿ."

ಮೂವರೂ ಅಂಗಡಿ ತಡಕಾಡಿದರು. ಗಜಣ್ಣನ ಬಿಲ್ಲುಗಳು ದಾರದ ಉಂಡೆಗಳ ನಡುವೆ ಸಿಕ್ಕವು. ಕೋಟು ವಾಪಸ್ ಮಾಡಿದ ಆಸ್ಪತ್ರೆಯ ಚೀಟಿ ಹಳೇ ಅಳತೆ ಪುಸ್ತಕದಲ್ಲಿ ಸಿಕ್ಕಿತು. ಬಣ್ಣ ಬಿಟ್ಟ ಕೋಟಿನ ಫೋಟೋ ಟೇಲರಕ್ಕನ ಮೊಬೈಲಿನಲ್ಲೇ ಇತ್ತು. ಅದನ್ನು ಅವಳು ಅವತ್ತೇ ಗಜಣ್ಣನಿಗೆ ಕಳಿಸಿದ್ದಳು. "ನೋಡೋಣ ಬಿಡಮ್ಮ" ಅಂತ ಅವನು ಉತ್ತರ ಹಾಕಿದ್ದ. ಅವಳು ಮರೆತೇಬಿಟ್ಟಿದ್ದಳು. ಜೊತೆಗೆ ಗಜಣ್ಣ ಕಳಿಸಿದ್ದ ಎರಡು ರಿಜಿಸ್ಟರ್ ಕಾಗದಗಳೂ ಸಿಕ್ಕವು. ಬಿಚ್ಚಿಯೇ ಇರಲಿಲ್ಲ. ನಾದಿನಿ ಬಿಚ್ಚಿ ನೋಡಿದಳು, ಬಾಕಿ ಕೊಡಿ ಅಂತ ಬರೆದ ನೋಟಿಸುಗಳು.

ನೆರವಿನ ಕಚೇರಿಯ ವಕೀಲೆ ಎಲ್ಲ ಓದಿ, ಗಡುವಿಗೆ ಎರಡು ದಿನ ಮೊದಲೇ ಲಿಖಿತ ಉತ್ತರ ಹಾಕಿದರು. ಆ ಉತ್ತರದಲ್ಲಿ ಟೇಲರಕ್ಕನಿಗೆ ಒಂದು ಮಾತು ಹಿಡಿಸಲಿಲ್ಲ.

"ಬಿಳಿ ಬಟ್ಟೆ ದುಡ್ಡು ಬಾಕಿ ಇದೆ ಅಂತ ಯಾಕೆ ಬರೆದ್ರಿ ಮೇಡಂ?"

"ಬಿಳಿ ಬಟ್ಟೆಯಲ್ಲಿ ದೋಷ ಇತ್ತಾ?"

"ಇರಲಿಲ್ಲ."

"ಹಾಗಾದ್ರೆ ಬಾಕಿ ಇಲ್ಲ ಅಂತ ಹೇಗೆ ಬರೆಯಲಿ? ಒಂದು ಸುಳ್ಳು ಬರೆದರೆ ನಿಮ್ಮ ಹತ್ತು ನಿಜವನ್ನೂ ಯಾರೂ ನಂಬಲ್ಲ."

ವಿಚಾರಣೆಯ ದಿನ ಜಡ್ಜ್ ಎರಡೂ ಕಡೆಯವರನ್ನು ನೋಡಿ, "ನೀವು ಮೊದಲು ಮಧ್ಯಸ್ಥಿಕೆ ಕೇಂದ್ರದಲ್ಲಿ ಕೂತು ಮಾತಾಡಿ ನೋಡ್ತೀರಾ?" ಅಂತ ಕೇಳಿದರು. ಇಬ್ಬರೂ ಒಲ್ಲದ ಮನಸ್ಸಿನಿಂದಲೇ ಹೂಂ ಅಂದರು.

ಸಣ್ಣ ಕೋಣೆ, ದುಂಡು ಮೇಜು, ಕರಕರ ಅನ್ನುವ ಫ್ಯಾನು. ಮಧ್ಯಸ್ಥರಾಗಿ ಕೂತವರು ನರೆಗೂದಲಿನ ಒಬ್ಬ ಹೆಂಗಸು. "ನಾನು ತೀರ್ಪು ಕೊಡೋಕೆ ಬಂದಿಲ್ಲ" ಅಂದರು. "ಇಲ್ಲಿ ಆಡಿದ ಮಾತು ಹೊರಗೆ ಹೋಗಲ್ಲ. ಒಪ್ಪಂದ ಆದ್ರೆ ಸಂತೋಷ. ಆಗದಿದ್ರೆ ಕೇಸು ಎಂದಿನಂತೆ ನಡೆಯುತ್ತೆ."

ಹೊರಗೆ ಬೆಂಚಿನ ಮೇಲೆ ಗಂಡ ಕೂರುತ್ತಿದ್ದ, ಏಳುತ್ತಿದ್ದ.

ಮೊದಲ ಅರ್ಧ ಗಂಟೆ ಬರೀ ಜಗಳ. "ಬಣ್ಣದ ವಿಷಯ ನನಗೆ ಹೇಳಲೇ ಇಲ್ಲ" ಅಂದ ಗಜಣ್ಣ. ಟೇಲರಕ್ಕ ಮೊಬೈಲ್ ತೆಗೆದು ಮೇಜಿನ ಮೇಲೆ ಇಟ್ಟಳು. ಅವನು ಕನ್ನಡಕ ಏರಿಸಿ ತನ್ನದೇ ಉತ್ತರ ಓದಿಕೊಂಡ. ಮೊಬೈಲನ್ನು ಅವಳ ಕಡೆಗೇ ಸರಿಸಿದ.

ಆಮೇಲೆ ಮೆಲ್ಲಗೆ ಅಂದ, "ಬಟ್ಟೆ ಗಿರಣಿಯವರು ನನ್ನ ಕುತ್ತಿಗೆ ಮೇಲೆ ಕೂತಿದ್ರು. ಅದಕ್ಕೇ ನಿನ್ನ ಅಂಗಡಿಗೆ ಮೂರು ಸಲ ಬಂದೆ ತಂಗಿ. ಮೂರು ಸಲವೂ ಬಾಗಿಲು ಹಾಕಿತ್ತು. ಒಳಗೆ ಮೆಷಿನ್ ಸದ್ದು ಕೇಳ್ತಿತ್ತು. ಅವತ್ತು ನಾನು ವಕೀಲರ ಹತ್ರ ಹೋದೆ."

ಟೇಲರಕ್ಕ ತಲೆ ಎತ್ತಲಿಲ್ಲ. ಹೆಂಗಸರನ್ನು ಹೊಲಿಯಲು ಬಿಟ್ಟು ತಾನು ಬಾಗಿಲ ಹಿಂದೆ ಅವಿತು ನಿಂತಿದ್ದ ಆ ಮೂರು ಸಲವೂ ಅವಳಿಗೆ ನೆನಪಿತ್ತು. "ತಪ್ಪಾಯ್ತು ಅಣ್ಣ" ಅಂದಳು. "ಆದ್ರೆ ನೀಲಿ ಬಟ್ಟೆ ದುಡ್ಡು ನಾನು ಕೊಡಲ್ಲ. ಅದು ನ್ಯಾಯ ಅಲ್ಲ."

ಮಧ್ಯಸ್ಥರು ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಮಾತಾಡಿಸಿದರು, ಮತ್ತೆ ಒಟ್ಟಿಗೆ ಕೂರಿಸಿದರು. ಎರಡನೇ ಬೈಠಕ್ಕಿಗೆ ಒಪ್ಪಂದ ಕುದುರಿತು. ನೀಲಿ ಬಟ್ಟೆಯ ಒಂದು ಲಕ್ಷ ಹತ್ತು ಸಾವಿರ ಮನ್ನಾ. ಬಡ್ಡಿಯೂ ಬೇಡ. ಬಿಳಿ ಬಟ್ಟೆಯ ಎರಡು ಲಕ್ಷ ಹತ್ತು ಸಾವಿರದಲ್ಲಿ ಐವತ್ತು ಸಾವಿರ ಕೂಡಲೇ, ಉಳಿದದ್ದು ಹತ್ತು ಕಂತು, ತಿಂಗಳಿಗೆ ಹದಿನಾರು ಸಾವಿರ. ಹೊಲಿಗೆಯ ಕೂಲಿ ನಷ್ಟ ಟೇಲರಕ್ಕನ ತಲೆಗೇ ಬಂತು.

ಜಡ್ಜ್ ಅದನ್ನು ಓದಿ, "ಇಬ್ಬರೂ ಮನಸ್ಸಿನಿಂದ ಒಪ್ಪಿದ್ದೀರಾ?" ಅಂತ ಕೇಳಿ, ಒಪ್ಪಂದದ ಮೇಲೆಯೇ ಆದೇಶ ಮಾಡಿದರು. ವಕೀಲೆ ಎಚ್ಚರಿಸಿದರು: "ಇದು ಬಾಯಿಮಾತಲ್ಲ, ಕೋರ್ಟಿನ ಆದೇಶ. ಕಂತು ತಪ್ಪಿದರೆ ಅವರು ಹೊಸ ಕೇಸು ಹಾಕಬೇಕಾಗಿಲ್ಲ. ನೇರ ವಸೂಲಿಗೇ ಬರಬಹುದು."

ಆ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ತಿಂಗಳ ಕೊನೆ ಬಂತೆಂದರೆ ಗಲ್ಲಾದ ದುಡ್ಡನ್ನು ಮತ್ತೆ ಮತ್ತೆ ಎಣಿಸುವಳು. ಐದನೇ ಕಂತಿನ ಹೊತ್ತಿಗೆ ಕೆಲಸ ಕಡಿಮೆಯಾಗಿ, ಹದಿನಾರು ಸಾವಿರಕ್ಕೆ ಏಳು ಸಾವಿರ ಕಮ್ಮಿ ಬಿತ್ತು. ಎರಡು ದಿನ ಒದ್ದಾಡಿದಳು. ಮೂರನೇ ದಿನ, ಗಡುವಿಗೆ ಇನ್ನೂ ವಾರ ಇರುವಾಗಲೇ, "ನಡೀ, ಹೋಗಿ ಹೇಳಿಬಿಡೋಣ" ಅಂತ ಗಂಡನೇ ವ್ಯಾನ್ ಹೊರಗೆ ತೆಗೆದ. ಗಜಣ್ಣ ಗೊಣಗಿದ, ಗಲ್ಲ ಕೆರೆದುಕೊಂಡ, ಕೊನೆಗೆ ಒಂಬತ್ತು ಸಾವಿರ ತಗೊಂಡು ಉಳಿದದ್ದಕ್ಕೆ ಹದಿನೈದು ದಿನ ಹೆಚ್ಚು ಕೊಟ್ಟ. "ಬರೆದುಕೊಡಿ ಅಣ್ಣ" ಅಂದಳು ಟೇಲರಕ್ಕ. ಅವನು ಬರೆದು ಸಹಿ ಹಾಕಿದ. ಹದಿಮೂರನೇ ದಿನಕ್ಕೇ ಅವಳು ಏಳು ಸಾವಿರ ಎಣಿಸಿಕೊಟ್ಟು ರಸೀದಿ ತಂದಳು.

ಓದುತ್ತಿರುವ ಅಕ್ಕ, ಅಣ್ಣ, ಇದನ್ನು ನಿಮಗೇ ಹೇಳುತ್ತಿದ್ದೇವೆ. ಸಾಲ ಕೊಟ್ಟವರಾಗಲಿ, ತೆಗೆದುಕೊಂಡವರಾಗಲಿ, ವ್ಯವಹಾರದ ಪ್ರತಿ ಬಿಲ್ಲು, ಪ್ರತಿ ರಸೀದಿ, ಪ್ರತಿ ಸಂದೇಶ ಜೋಪಾನ ಮಾಡಿ. ಸರಕು ಕೆಟ್ಟಿದ್ದರೆ ಅವತ್ತೇ ಬರೆದು ತಿಳಿಸಿ. ಕೋರ್ಟಿನ ಕಾಗದ ಬಂದರೆ ಕೈಚಾಚಿ ತಗೊಳ್ಳಿ, ತಾರೀಖು ನೋಡಿ, ಆ ತಾರೀಖಿನೊಳಗೆ ಉತ್ತರ ಕೊಡಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಉಚಿತ ಕಾನೂನು ನೆರವು ಸಿಗುತ್ತದೆಯೇ ಅಂತ ಕೋರ್ಟಿನಲ್ಲಿ ವಿಚಾರಿಸಿ. ಕೇಳುವುದಕ್ಕೆ ನಾಚಿಕೆ ಬೇಡ. ಮಧ್ಯಸ್ಥಿಕೆಗೆ ಕರೆದರೆ ಹೋಗಿ ಕೂತು ಮಾತಾಡಿ. ಒಪ್ಪಿದ್ದನ್ನು ನಡೆಸಿಕೊಡಿ. ನಡೆಸಲು ಕಷ್ಟವಾದರೆ ಗಡುವು ಮುಗಿಯುವ ಮೊದಲೇ ಎದುರಿಗೆ ಹೋಗಿ ಹೇಳಿ. ನಿಮ್ಮ ಮಾತು ಕೇಳಲು ನ್ಯಾಯಾಲಯ ದಿನ ಗೊತ್ತು ಮಾಡಿರುತ್ತದೆ. ಅವತ್ತು ನಿಮ್ಮ ಕುರ್ಚಿ ಖಾಲಿ ಇರದಿರಲಿ.